ಹೊರಗೆ ಕೂತು ಚಿತ್ರ ಬರೆಯಲು: ಯಾವ ಬಣ್ಣಕ್ಕೆ ಯಾವ ಪೆಟ್ಟಿಗೆ, ಯಾವ ಸ್ಟ್ಯಾಂಡ್?

ಹೊರಗೆ ಒಯ್ಯುವ ಚಿತ್ರಕಲಾ ಸಾಮಾನನ್ನು ಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ತೂಕ, ಆಮೇಲೆ ಬೆಲೆ. ಎರಡೂ ಮುಖ್ಯವೇ. ಆದರೆ ಅವೆರಡಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಚೀಲ ಕೆಳಗಿಟ್ಟ ಮೇಲೆ ಮೊದಲ ಬಣ್ಣ ಹಾಳೆಗೆ ತಾಗಲು ಎಷ್ಟು ನಿಮಿಷ ಬೇಕು? ಒಂದು ನಿಮಿಷ ಸಾಕಾದರೆ ಕೆಲಸ ಮುಗಿಸಿ ಬರುವ ದಾರಿಯಲ್ಲೂ ಒಂದು ಮರವನ್ನು ಬರೆಯಬಹುದು. ಹತ್ತು ನಿಮಿಷ ಹಿಡಿಯುವುದಾದರೆ ಅದಕ್ಕೆಂದೇ ದಿನ ಗೊತ್ತು ಮಾಡಬೇಕು, ಆ ದಿನ ಮಳೆ ಬಂದರೆ ವಾರ ಹೋಯಿತು. ಕಲಿಯುತ್ತಿರುವವರ ಕೈ ಪಳಗುವುದು ಬರೆದ ಚಿತ್ರಗಳ ಸಂಖ್ಯೆಯಿಂದ. ಬೇಗ ಬಿಚ್ಚಿಕೊಳ್ಳುವ ಸಾಮಾನು ಆ ಸಂಖ್ಯೆಯನ್ನು ಹೆಚ್ಚಿಸುತ್ತದೆ.

ಬೆಳಕಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎಂಟು ಗಂಟೆಗೆ ಗೋಡೆಯ ಮೇಲಿದ್ದ ನೆರಳು ಹತ್ತಕ್ಕೆ ಅಲ್ಲಿರುವುದಿಲ್ಲ. ಹಾಗಾಗಿ ಒಂದೇ ಬೆಳಕಿನಲ್ಲಿ ಕೆಲಸಕ್ಕೆ ಸಿಗುವ ಅವಧಿ ಒಂದೂವರೆಯಿಂದ ಎರಡು ಗಂಟೆ, ಸಂಜೆಗೆಂಪಿನ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1890–91ರಲ್ಲಿ ಹುಲ್ಲಿನ ಬಣವೆಗಳ ಸರಣಿ ಬರೆಯುವಾಗ ಹಲವು ಕ್ಯಾನ್ವಾಸ್‌ಗಳನ್ನು ಜೊತೆಯಲ್ಲಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುತ್ತಿದ್ದ. ಅಷ್ಟು ಸಾಮಾನು ಹೊರಲಾಗದ ನಾವು ಚಿತ್ರದ ಅಳತೆಯನ್ನೇ ಚಿಕ್ಕದು ಮಾಡಿಕೊಳ್ಳುವುದು ಲೇಸು.

ಮೊದಲು ಬಣ್ಣ, ಆಮೇಲೆ ಸ್ಟ್ಯಾಂಡ್

ಈಸೆಲ್, ಅಂದರೆ ಚಿತ್ರ ನಿಲ್ಲಿಸುವ ಸ್ಟ್ಯಾಂಡ್, ಮೊದಲು ಕೊಂಡು ಬಣ್ಣ ಆಮೇಲೆ ನಿರ್ಧರಿಸಿದವರಿಗೆ ತೊಂದರೆ ಖಚಿತ. ಜಲವರ್ಣಕ್ಕೆ ಹಲಗೆ ಬಹುತೇಕ ಮಲಗಿರಬೇಕು, 10ರಿಂದ 20 ಡಿಗ್ರಿಯ ಇಳಿಜಾರು ಸಾಕು. ತೈಲವರ್ಣಕ್ಕೂ ಅಕ್ರಿಲಿಕ್‌ಗೂ ಅದು ನೆಟ್ಟಗೆ ನಿಲ್ಲಬೇಕು. ತೈಲವರ್ಣಕ್ಕೆಂದು ಮಾಡಿದ ಅನೇಕ ಸ್ಟ್ಯಾಂಡ್‌ಗಳು ಹಲಗೆಯನ್ನು ಮಲಗಿಸುವುದೇ ಇಲ್ಲ. ಅಂಥದರ ಮೇಲೆ ಜಲವರ್ಣದ ವಾಶ್ (ನೀರಾಗಿ ಕಲಸಿದ ಬಣ್ಣದ ಅಗಲವಾದ ತೆಳು ಪದರ) ಹಾಕಿದರೆ ನೀರು ಕೆಳಗಿಳಿದು ಅಂಚಿನಲ್ಲಿ ಮಡುಗಟ್ಟುತ್ತದೆ, ಅರ್ಧ ಒಣಗಿದ ಭಾಗಕ್ಕೆ ವಾಪಸು ಹರಿದು ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ. ಬರೆಯುವವರು ತಮಗೆ ವಾಶ್ ಬರುವುದಿಲ್ಲ ಎಂದುಕೊಳ್ಳುತ್ತಾರೆ. ತಪ್ಪು ಇಳಿಜಾರಿನದು.

ಜಲವರ್ಣ

ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಬೇಗ ಬಿಚ್ಚಿಕೊಳ್ಳುವುದು ಇದೇ. 12 ಹಾಫ್ ಪ್ಯಾನ್‌ಗಳ (ಒಣ ಬಣ್ಣದ ಗಟ್ಟಿಯಿರುವ ಪುಟ್ಟ ಬಟ್ಟಲುಗಳ) ಡಬ್ಬಿ, ಎ5 ಅಳತೆಯ ಹಾಳೆಗಳು, ಎರಡು ಬ್ರಷ್, ಅರ್ಧ ಲೀಟರ್ ನೀರು ಸೇರಿ ಸುಮಾರು ಒಂದು ಕೆ.ಜಿ. ಅದರಲ್ಲಿ ಅರ್ಧದಷ್ಟು ನೀರಿನ ತೂಕವೇ.

ಪ್ಯಾನ್ ಮತ್ತು ಟ್ಯೂಬ್ ನಡುವಿನ ಆಯ್ಕೆಯಲ್ಲಿ ಹೊರಗಿನ ಕೆಲಸಕ್ಕೆ ನಮ್ಮ ಮತ ಪ್ಯಾನ್‌ಗೆ. ಮುಚ್ಚಳ ತೆಗೆದರೆ ಎಲ್ಲ ಬಣ್ಣವೂ ಕಣ್ಣೆದುರಿಗೆ ಇರುತ್ತದೆ, ಸೋರುವ ಭಯವಿಲ್ಲ. ಆದರೆ ಖಾಲಿ ಪ್ಯಾನ್‌ಗಳಿಗೆ ಟ್ಯೂಬ್ ಬಣ್ಣ ತುಂಬಿಕೊಂಡರೆ ಎರಡರ ಅನುಕೂಲವೂ ಸಿಗುತ್ತದೆ. 5 ಮಿ.ಲೀ. ಟ್ಯೂಬ್‌ನಲ್ಲಿ ಎರಡರಿಂದ ಮೂರು ಹಾಫ್ ಪ್ಯಾನ್ ತುಂಬುತ್ತವೆ. ಒಂದೇ ಸಲಕ್ಕೆ ಅಂಚಿನವರೆಗೆ ತುಂಬಬೇಡಿ. ಅರ್ಧ ತುಂಬಿ, ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, ಒಂದೆರಡು ದಿನ ತೆರೆದಿಟ್ಟು ಒಣಗಿಸಿ ಉಳಿದರ್ಧ ತುಂಬಿ. ಒಟ್ಟಿಗೆ ತುಂಬಿದರೆ ಮೇಲ್ಪದರ ಬಿಗಿದು ಒಳಗಿನದು ಹಸಿಯಾಗಿಯೇ ಉಳಿಯುತ್ತದೆ, ಆಮೇಲೆ ಇಡೀ ಗಟ್ಟಿ ಕುಗ್ಗಿ ಪ್ಯಾನಿನಿಂದ ಕಿತ್ತುಬರುತ್ತದೆ. ಕಿತ್ತುಬಂದರೆ ತಳಕ್ಕೆ ಒಂದು ಹನಿ ನೀರು ಬಿಟ್ಟು ಒತ್ತಿ ಕೂರಿಸಿದರೆ ಮತ್ತೆ ಅಂಟಿಕೊಳ್ಳುತ್ತದೆ. ಜೇನು ಬೆರೆಸಿದ ಬಣ್ಣಗಳು ಪೂರ್ತಿ ಗಟ್ಟಿಯಾಗುವುದಿಲ್ಲ. ಬಿಸಿಲಲ್ಲಿ ಡಬ್ಬಿಯನ್ನು ಓರೆ ಮಾಡಿ ಇಟ್ಟರೆ ಪಕ್ಕದ ಪ್ಯಾನಿಗೆ ಹರಿಯುತ್ತವೆ.

ಡಬ್ಬಿ ಆರಿಸುವಾಗ ಪ್ಯಾನ್‌ಗಳ ಸಂಖ್ಯೆಗಿಂತ ಬಣ್ಣ ಕಲಸುವ ಜಾಗ ನೋಡಿ. 24 ಪ್ಯಾನ್ ಇದ್ದು ಕಲಸಲು ಬೆರಳಗಲದ ಗುಳಿ ಇರುವ ಡಬ್ಬಿಯಲ್ಲಿ ಆಕಾಶಕ್ಕೆ ಬೇಕಾದಷ್ಟು ಬಣ್ಣ ಒಮ್ಮೆಗೆ ಸಿದ್ಧವಾಗದು. ಅರ್ಧ ಆಕಾಶಕ್ಕೆ ಬಣ್ಣ ಮುಗಿದು, ಮತ್ತೆ ಕಲಸುವಷ್ಟರಲ್ಲಿ ಮೊದಲಿನದು ಒಣಗಿ ಗೆರೆ ಮೂಡುತ್ತದೆ. ಮುಚ್ಚಳದಲ್ಲಿ ಕನಿಷ್ಠ ಎರಡು ಅಗಲವಾದ ಗುಳಿಗಳಿರಲಿ. ಹೊಸ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಹನಿಹನಿಯಾಗಿ ಒಡೆಯುತ್ತದೆ. ಪಾತ್ರೆ ತೊಳೆಯುವ ಪುಡಿಯಿಂದ ಮೆಲ್ಲಗೆ ಉಜ್ಜಿ ನುಣುಪು ತೆಗೆದರೆ ಸರಿಹೋಗುತ್ತದೆ.

ಕಷ್ಟವೆಲ್ಲಿ? ತಿದ್ದುಪಡಿಗೆ ಇಲ್ಲಿ ಅವಕಾಶ ಕಡಿಮೆ. ಬಿಳಿಯನ್ನು ಮೊದಲೇ ಕಾಗದದಲ್ಲಿ ಉಳಿಸಿಕೊಳ್ಳಬೇಕು. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಹಸಿಯಿರುವಾಗ ಸ್ವಲ್ಪ ಹೆಚ್ಚೇ ಗಾಢವಾಗಿ ಹಾಕಬೇಕು. ಬಿರುಬಿಸಿಲಲ್ಲಿ ವಾಶ್ ಹರಡುವ ಮೊದಲೇ ಒಣಗುತ್ತದೆ, ತೇವದ ಹವೆಯಲ್ಲಿ ಅರ್ಧ ಗಂಟೆಯಾದರೂ ಒಣಗುವುದಿಲ್ಲ. ಮೊದಲನೆಯದಕ್ಕೆ ಚಿಕ್ಕ ಸ್ಪ್ರೇ ಬಾಟಲಿ ಮದ್ದು. ಎರಡನೆಯದಕ್ಕೆ ಇರುವ ಮದ್ದು ಎರಡು ಚಿತ್ರಗಳನ್ನು ಒಟ್ಟಿಗೆ ಬರೆಯುವುದು: ಒಂದು ಒಣಗುವಾಗ ಇನ್ನೊಂದು.

ಗುವಾಶ್

ಕಲಿಯುವವರಿಗೆ ಸಿಗಬೇಕಾದಷ್ಟು ಗಮನ ಇದಕ್ಕೆ ಸಿಕ್ಕಿಲ್ಲ. ಜಲವರ್ಣದಷ್ಟೇ ಹಗುರ, ನೀರೇ ದ್ರಾವಕ, ಮೇಲಾಗಿ ಅಪಾರದರ್ಶಕ. ಗಾಢದ ಮೇಲೆ ತಿಳಿ ಹಾಕಬಹುದು, ತಪ್ಪನ್ನು ಮುಚ್ಚಬಹುದು. ತೈಲವರ್ಣ ಕಲಿಯುವ ಆಸೆಯಿದ್ದು ಅದರ ರಂಪ ಬೇಡವೆನ್ನುವವರಿಗೆ ಇದೇ ಒಳ್ಳೆಯ ಮೆಟ್ಟಿಲು.

ಎರಡು ಸ್ವಭಾವಗಳು ಗೊತ್ತಿರಲಿ. ಒಣಗುವಾಗ ತಿಳಿ ಬಣ್ಣಗಳು ತುಸು ಗಾಢವಾಗುತ್ತವೆ, ಗಾಢ ಬಣ್ಣಗಳು ತುಸು ತಿಳಿಯಾಗುತ್ತವೆ. ಹಾಗಾಗಿ ಚಿತ್ರದ ಕಸುವು ಒಣಗಿದ ಮೇಲೆ ಕುಂದಿದಂತೆ ಕಾಣುತ್ತದೆ. ಹಾಳೆಯ ಅಂಚಿನಲ್ಲಿ ಒಂದು ಚುಕ್ಕೆ ಹಾಕಿ ಒಣಗಿಸಿ ನೋಡುವುದು ರೂಢಿಯಾಗಲಿ. ಇನ್ನೊಂದು, ಒಣಗಿದ ಪದರ ನೀರು ತಾಗಿದರೆ ಮತ್ತೆ ಕರಗುತ್ತದೆ. ಮೇಲಿನ ಪದರವನ್ನು ಕೆನೆಯಷ್ಟು ಮಂದವಾಗಿ, ಒಂದೇ ಎಳೆತದಲ್ಲಿ ಹಾಕಿ ಬಿಡಬೇಕು. ಬ್ರಷ್‌ನಿಂದ ಮತ್ತೆ ಮತ್ತೆ ಸವರಿದರೆ ಕೆಳಗಿನದು ಎದ್ದು ಕೆಸರಾಗುತ್ತದೆ. ತುಂಬಾ ದಪ್ಪ ಹಾಕಿದರೆ ಒಣಗಿ ಬಿರಿಯುತ್ತದೆ. ಬಿಳಿ ಬೇರೆಲ್ಲ ಬಣ್ಣಗಳಿಗಿಂತ ಬೇಗ ಮುಗಿಯುವುದರಿಂದ ಅದರ ಟ್ಯೂಬ್ ಮಾತ್ರ ದೊಡ್ಡದು ಕೊಳ್ಳಿ.

ಅಕ್ರಿಲಿಕ್

ಒಳಗೆ ಕೂತು ಬರೆಯಲು ಸಲೀಸು, ಹೊರಗೆ ಹಟಮಾರಿ. ತೆಳುವಾದ ಪದರ ಬಿಸಿಲು ಗಾಳಿಯಲ್ಲಿ ಎರಡು ಮೂರು ನಿಮಿಷಕ್ಕೆ ಒಣಗುತ್ತದೆ, ಪ್ಯಾಲೆಟ್ (ಬಣ್ಣ ಕಲಸುವ ಹಲಗೆ) ಮೇಲಿನದೂ ಬೇಗನೆ ಚರ್ಮ ಕಟ್ಟುತ್ತದೆ. ಒಣಗಿದ ಮೇಲೆ ಅದು ಪ್ಲಾಸ್ಟಿಕ್, ಮರಳಿ ಕರಗದು. ಹೊರಗೆ ಒಯ್ಯುವುದಾದರೆ ತೇವ ಹಿಡಿಯುವ ಪ್ಯಾಲೆಟ್ ಬೇಕೇ ಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದು: ಬಿಗಿ ಮುಚ್ಚಳದ ಚಪ್ಪಟೆ ಡಬ್ಬಿ, ಅದರಲ್ಲಿ ಒದ್ದೆ ಮಾಡಿದ ತೆಳು ಸ್ಪಂಜು, ಮೇಲೆ ಬೇಕಿಂಗ್‌ಗೆ ಬಳಸುವ ಪಾರ್ಚ್‌ಮೆಂಟ್ ಕಾಗದ. ಮೇಣ ಸವರಿದ ಕಾಗದವಾದರೆ ನೀರು ಮೇಲೇರದು, ಕೆಲಸಕ್ಕೆ ಬಾರದು. ಸ್ಪಂಜಿನಲ್ಲಿ ನೀರು ನಿಂತಿದ್ದರೆ ಬಣ್ಣ ತೆಳುವಾಗಿ ಹರಿಯುತ್ತದೆ, ಹಿಂಡಿ ತೇವ ಮಾತ್ರ ಉಳಿಸಿ.

ಹಸಿಯಲ್ಲಿ ಹಾಲಿನ ಛಾಯೆಯಿರುವ ಅಂಟು ಒಣಗಿ ಪಾರದರ್ಶಕವಾಗುವುದರಿಂದ ಬಣ್ಣ ಒಣಗಿದಾಗ ಗಾಢವಾಗುತ್ತದೆ. ಚಳಿಯಲ್ಲಿ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಪದರ ಸರಿಯಾಗಿ ಕೂಡಿಕೊಳ್ಳದೆ ದುರ್ಬಲವಾಗುತ್ತದೆ. ಬ್ರಷ್ ಒಮ್ಮೆ ಒಣಗಿತೆಂದರೆ ಹಾಳು, ಹಾಗಾಗಿ ಬಳಸದ ಬ್ರಷ್‌ಗಳೂ ನೀರಿನ ತೇವದಲ್ಲೇ ಇರಬೇಕು. ಅಕ್ರಿಲಿಕ್ ನಿಮಗೆ ಈಗಾಗಲೇ ಪ್ರಿಯವಾಗಿದ್ದರೆ ಒಯ್ಯಿರಿ. ಹೊರಗಿನ ಕೆಲಸಕ್ಕೆಂದೇ ಹೊಸದಾಗಿ ಆರಂಭಿಸುವವರಿಗೆ ನಾವು ಇದನ್ನು ಸೂಚಿಸುವುದಿಲ್ಲ.

ತೈಲವರ್ಣ

ಭಾರ ಹೆಚ್ಚು, ಸಿದ್ಧತೆ ಹೆಚ್ಚು, ಆದರೆ ಕೆಲಸದ ನಡುವೆ ಇಷ್ಟು ತಾಳ್ಮೆ ತೋರುವ ಮಾಧ್ಯಮ ಬೇರೊಂದಿಲ್ಲ. ಹಾಕಿದ ಬಣ್ಣ ಹಾಗೆಯೇ ಉಳಿಯುತ್ತದೆ, ಕೆರೆದು ತೆಗೆಯಬಹುದು, ಅಂಚುಗಳನ್ನು ಗಂಟೆಗಟ್ಟಲೆ ಮೃದು ಮಾಡಬಹುದು. ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಮಡಿಸಬಲ್ಲ ತವರದ ಟ್ಯೂಬಿಗೆ ಪೇಟೆಂಟ್ ಪಡೆಯುವವರೆಗೆ ಈ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಮತ್ತೆ ಬಿಗಿಯಾಗಿ ಮುಚ್ಚುವುದು ಕಷ್ಟವಾಗಿತ್ತು. ಹೊರಗೆ ಹೋಗಿ ತೈಲವರ್ಣದಲ್ಲಿ ಬರೆಯುವುದು ಸುಲಭವಾದದ್ದು ಆ ಟ್ಯೂಬಿನಿಂದ.

ಹೊರಗಿನ ಕೆಲಸಕ್ಕೆ 37 ಅಥವಾ 40 ಮಿ.ಲೀ. ಟ್ಯೂಬ್‌ಗಳು ಸಾಕು, ಬಿಳಿ ಮಾತ್ರ ದೊಡ್ಡದು. ಮನೆಯಲ್ಲೇ ಪ್ಯಾಲೆಟ್ ಮೇಲೆ ಬಣ್ಣ ಹಿಂಡಿಕೊಂಡು ಹೋದರೆ ಟ್ಯೂಬ್‌ಗಳ ತೂಕವೂ ಉಳಿಯುತ್ತದೆ, ಹೋದ ಕೂಡಲೇ ಕೆಲಸವೂ ಶುರುವಾಗುತ್ತದೆ. ದ್ರಾವಕ ಬೇಕೆಂದರೆ ವಾಸನೆ ಕಡಿಮೆಯಿರುವ ಮಿನರಲ್ ಸ್ಪಿರಿಟ್, ಬಿಗಿ ಕ್ಲಾಂಪಿನ ಲೋಹದ ಡಬ್ಬಿಯಲ್ಲಿ 100 ಮಿ.ಲೀ. ಸಾಕು. ಅದೂ ಬೇಡವೆಂದರೆ ಬಟ್ಟೆಯಿಂದ ಬ್ರಷ್ ಒರೆಸುತ್ತಾ, ತಿಳಿಗೊಂದು ಗಾಢಕ್ಕೊಂದು ಬ್ರಷ್ ಇಟ್ಟುಕೊಂಡು ದ್ರಾವಕವಿಲ್ಲದೆಯೇ ಇಡೀ ಚಿತ್ರ ಮುಗಿಸಬಹುದು. ನೀರಿನಲ್ಲಿ ಕರಗುವ ತೈಲವರ್ಣಗಳೂ ಇವೆ, ಆದರೆ ನೀರು ಹೆಚ್ಚಾದರೆ ಬಣ್ಣ ಅಂಟಂಟಾಗಿ ಮಂಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಓದಿ ಮರೆಯುವಂಥದಲ್ಲ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಚೀಲದಲ್ಲೋ ಕಾರಿನ ಡಿಕ್ಕಿಯಲ್ಲೋ ಬಿಟ್ಟರೆ ಆ ಶಾಖ ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಒರೆಸಿದ ಬಟ್ಟೆಯನ್ನು ಬಿಡಿಸಿ ಒಂಟಿಯಾಗಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ. ಬಳಸಿದ ದ್ರಾವಕವನ್ನು ನೆಲಕ್ಕೂ ಚರಂಡಿಗೂ ಚೆಲ್ಲಬಾರದು. ಒಂದೆರಡು ದಿನ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು.

ತೈಲವರ್ಣದ ದೊಡ್ಡ ತಲೆನೋವು ಹಸಿ ಚಿತ್ರವನ್ನು ಮನೆಗೆ ತರುವುದು. ತೆಳು ಪದರಕ್ಕೂ ಮುಟ್ಟುವಷ್ಟು ಒಣಗಲು ದಿನಗಳು ಬೇಕು. ಹಸಿ ಪ್ಯಾನೆಲ್ (ಚಿತ್ರ ಬರೆಯುವ ತೆಳು ಹಲಗೆ) ಇಡುವ ಸೀಳುಗಳಿರುವ ಪೆಟ್ಟಿಗೆಯೇ ಬೇಕೆಂದಿಲ್ಲ: ಒಂದೇ ಅಳತೆಯ ಎರಡು ಪ್ಯಾನೆಲ್‌ಗಳನ್ನು ಎದುರುಬದುರು ಮಾಡಿ, ನಾಲ್ಕು ಮೂಲೆಗೆ 5 ಮಿ.ಮೀ. ದಪ್ಪದ ಬೆಂಡಿನ ಚೂರಿಟ್ಟು, ಎರಡು ದಪ್ಪ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು.

ಸಾಫ್ಟ್ ಪಾಸ್ಟೆಲ್ ಬಗ್ಗೆ ಎರಡೇ ಮಾತು: ನೀರು ಬೇಡ, ಒಣಗಿಸುವ ಗೊಡವೆಯಿಲ್ಲ, ಬಣ್ಣ ಕೂಡಲೇ ಸಿಗುತ್ತದೆ. ಆದರೆ ಬಣ್ಣ ಕಲಸಿ ಮಾಡಿಕೊಳ್ಳಲಾಗದ ಕಾರಣ ಕಡ್ಡಿಗಳು ಹೆಚ್ಚು ಬೇಕು, ಮಿಕ್ಕಂತೆ ಗಾಳಿ, ಪುಡಿ, ಒಡೆಯುವ ಕಡ್ಡಿ ಮೂರನ್ನೂ ನಿಭಾಯಿಸಬೇಕು.

ಸ್ಟ್ಯಾಂಡು, ಪೆಟ್ಟಿಗೆ, ತೊಡೆ

ಫ್ರೆಂಚ್ ಈಸೆಲ್ ಎಂದರೆ ಸಾಮಾನಿಡುವ ಖಾನೆಯೂ ಮಡಚುವ ಕಾಲುಗಳೂ ಒಂದರಲ್ಲೇ ಇರುವ ಮರದ ಪೆಟ್ಟಿಗೆ. ಖಾಲಿಯಿರುವಾಗಲೇ ಐದಾರು ಕೆ.ಜಿ. ತೂಗುತ್ತದೆ. ಸುಮಾರು 80 ಸೆಂ.ಮೀ. ಎತ್ತರದ ಕ್ಯಾನ್ವಾಸನ್ನೂ ಹಿಡಿಯುತ್ತದೆ, ಗಾಳಿಗೆ ಅಲುಗುವುದಿಲ್ಲ. ಬಿಚ್ಚಿ ನಿಲ್ಲಿಸಲು ಕೈ ಪಳಗಿದವರಿಗೂ ಐದು ನಿಮಿಷ, ಹೊಸಬರಿಗೆ ಹತ್ತು. ಕಾಲಿನ ತಿರುಪುಗಳು ಮಳೆಗಾಲದಲ್ಲಿ ಮರ ಉಬ್ಬಿ ಸಿಕ್ಕಿಕೊಳ್ಳುತ್ತವೆ, ಒಣಹವೆಯಲ್ಲಿ ಸಡಿಲವಾಗಿ ಕಾಲು ಜಾರುತ್ತದೆ. ಅಗ್ಗದ ಮಾದರಿಗಳಲ್ಲಿ ಮೊದಲು ಕೈಕೊಡುವುದು ಹಿತ್ತಾಳೆಯ ಕೊಂಡಿಗಳು. ವಾಹನದ ಪಕ್ಕದಲ್ಲೇ ನಿಂತು ದೊಡ್ಡ ಚಿತ್ರ ಬರೆಯುವವರಿಗೆ ಇದು ಸರಿ. ನಡೆದು ಹೋಗುವವರಿಗೆ ಸರಿಯಲ್ಲ.

ಪೊಶಾಡ್ ಪೆಟ್ಟಿಗೆಯಲ್ಲಿ ಕೆಳಭಾಗ ಪ್ಯಾಲೆಟ್, ಮುಚ್ಚಳವೇ ಈಸೆಲ್. 6×8, 8×10, 9×12 ಇಂಚಿನ ಪ್ಯಾನೆಲ್‌ಗಳಿಗೆ ತಕ್ಕಂತೆ ಸಿಗುತ್ತದೆ, ತಳದಲ್ಲಿ ಕ್ಯಾಮೆರಾ ಟ್ರೈಪಾಡಿಗೆ ಕೂರುವ ಕಾಲಿಂಚಿನ ತಿರುಪು ಇರುತ್ತದೆ. ಎರಡು ಮೂರು ನಿಮಿಷಕ್ಕೆ ಸಿದ್ಧ. ತೈಲವರ್ಣಕ್ಕೂ ಗುವಾಶ್‌ಗೂ ನಮ್ಮ ಮೊದಲ ಆಯ್ಕೆ ಇದೇ. ಕೊಳ್ಳುವ ಮೊದಲು ಮೂರು ಪರೀಕ್ಷೆ ಮಾಡಿ. ಒಂದು, ಮುಚ್ಚಳವನ್ನು ಬೇಕಾದ ಕೋನದಲ್ಲಿ ನಿಲ್ಲಿಸಿ ಮೇಲಂಚನ್ನು ಬೆರಳಿನಿಂದ ಒತ್ತಿ ನೋಡಿ. ಕುಸಿದರೆ ಬ್ರಷ್ ಒತ್ತಿದಾಗಲೂ ಕುಸಿಯುತ್ತದೆ. ಬಿಗಿತ ಹೊಂದಿಸುವ ತಿರುಪು ಇದ್ದರೆ ಅದಕ್ಕೊಪ್ಪುವ ಸ್ಕ್ರೂಡ್ರೈವರ್ ಸದಾ ಚೀಲದಲ್ಲಿರಲಿ. ಎರಡು, ಪ್ಯಾನೆಲ್ ಇಡುವ ಸೀಳಿನ ದಪ್ಪ ಅಳೆಯಿರಿ. ಹಲವು ಪೆಟ್ಟಿಗೆಗಳಲ್ಲಿ ಅದು 3–4 ಮಿ.ಮೀ. ಮಾತ್ರ, ಚೌಕಟ್ಟಿಗೆ ಬಿಗಿದ 18–20 ಮಿ.ಮೀ. ದಪ್ಪದ ಕ್ಯಾನ್ವಾಸ್ ಅದರೊಳಗೆ ಹೋಗುವುದಿಲ್ಲ. ಮೂರು, ಮುಚ್ಚಳ ಪೂರ್ತಿ ಹಿಂದಕ್ಕೆ ಮಲಗುತ್ತದೆಯೇ ನೋಡಿ. ಮಲಗಿದರೆ ಜಲವರ್ಣಕ್ಕೂ ಅದೇ ಪೆಟ್ಟಿಗೆ ಸಾಕು.

ಟ್ರೈಪಾಡ್ ಕೊಳ್ಳುವಾಗ ಉಳಿತಾಯಕ್ಕೆ ಹೋಗಬೇಡಿ. ಬಣ್ಣ ತುಂಬಿದ ಪೆಟ್ಟಿಗೆ ಎರಡರಿಂದ ಮೂರು ಕೆ.ಜಿ. ಇರುತ್ತದೆ, ಟ್ರೈಪಾಡಿನ ಹೊರೆಮಿತಿ ಅದರ ಎರಡರಷ್ಟಿರಲಿ. ಕ್ಯಾಮೆರಾಗೆ ಯಾರೂ ಬದಿಯಿಂದ ಒತ್ತುವುದಿಲ್ಲ, ಚಿತ್ರಕಾರರು ಪ್ರತಿ ಎಳೆತದಲ್ಲೂ ಒತ್ತುತ್ತಾರೆ. ನಡುವಿನ ಕಂಬವನ್ನು ಎತ್ತರಿಸಬೇಡಿ, ಅಲುಗಾಟ ಅಲ್ಲಿಂದಲೇ ಶುರು. ಒಂದು ಕಾಲು ನೀವು ನೋಡುವ ದಿಕ್ಕಿಗೆ, ಎರಡು ನಿಮ್ಮ ಕಡೆಗೆ ಇರಲಿ. ನಡುವೆ ನೀರಿನ ಬಾಟಲಿಯನ್ನೋ ಚೀಲವನ್ನೋ ನೆಲಕ್ಕೆ ಸ್ವಲ್ಪ ತಾಗುವಂತೆ ತೂಗುಹಾಕಿದರೆ ಗಾಳಿಗೆ ನಿಲ್ಲುತ್ತದೆ. ಪೂರ್ತಿ ಗಾಳಿಯಲ್ಲಿ ತೂಗಿದರೆ ಅದೇ ಜೋಲಿಯಾಡಿ ಸ್ಟ್ಯಾಂಡನ್ನು ಅಲುಗಿಸುತ್ತದೆ.

ಅಲ್ಯೂಮಿನಿಯಂ ಮಡಚು ಈಸೆಲ್‌ಗಳು ಒಂದರಿಂದ ಎರಡು ಕೆ.ಜಿ. ಇರುತ್ತವೆ. ಹಲಗೆ ಅಡ್ಡವಾಗಿ ಮಲಗುವ ಮಾದರಿಯಾದರೆ ಜಲವರ್ಣಕ್ಕೆ ಚೆನ್ನ. ಆದರೆ ಬಣ್ಣದ ಡಬ್ಬಿ, ನೀರು ಇಡಲು ಜಾಗವಿಲ್ಲ. ಟ್ರೈಪಾಡಿನ ಎರಡು ಕಾಲಿಗೆ ಸಿಕ್ಕಿಸುವ ತೆಳು ಹಲಗೆಯೊಂದನ್ನು ಜೊತೆಗೆ ಲೆಕ್ಕ ಹಾಕಿ, ಇಲ್ಲವಾದರೆ ಪ್ರತಿ ಸಲ ನೆಲಕ್ಕೆ ಬಗ್ಗಿ ಸೊಂಟ ಸೋಲುತ್ತದೆ.

ಇನ್ನು ತೊಡೆ. ನಾಲ್ಕೈದು ಮಿ.ಮೀ. ದಪ್ಪದ ಪ್ಲೈವುಡ್ ತುಂಡು, ನಾಲ್ಕು ಬುಲ್‌ಡಾಗ್ ಕ್ಲಿಪ್, ಒಂದು ಮಡಚುವ ಸ್ಟೂಲ್. ಡಬ್ಬಿ ಎಡಗೈಯಲ್ಲಿ, ನೀರು ನೆಲದ ಮೇಲೆ. ಖರ್ಚಿಲ್ಲದ ಈ ವ್ಯವಸ್ಥೆಯನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಎ4 ಅಳತೆಯವರೆಗೆ ಜಲವರ್ಣ, ಗುವಾಶ್ ಎರಡಕ್ಕೂ ಇದು ಪೂರ್ತಿ ಸಮರ್ಥ. ಒಂದೇ ಕೊರತೆ, ಹಿಂದೆ ಸರಿದು ಚಿತ್ರವನ್ನು ದೂರದಿಂದ ನೋಡಲಾಗದು. ಹದಿನೈದು ನಿಮಿಷಕ್ಕೊಮ್ಮೆ ಹಲಗೆಯನ್ನು ಮರಕ್ಕೋ ಗೋಡೆಗೋ ಒರಗಿಸಿ ಮೂರು ಹೆಜ್ಜೆ ಹಿಂದೆ ನಿಂತು ನೋಡಿದರೆ ಅದೂ ನೀಗುತ್ತದೆ.

ಹಣ ಎಲ್ಲಿ ಹಾಕಬೇಕು

ಜಲವರ್ಣದಲ್ಲಿ ಕಾಗದಕ್ಕೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಅಗ್ಗದ ಬಣ್ಣ ಒಳ್ಳೆಯ ಕಾಗದದ ಮೇಲೆ ತಕ್ಕಮಟ್ಟಿಗೆ ನಡೆದುಕೊಳ್ಳುತ್ತದೆ, ದುಬಾರಿ ಬಣ್ಣ ಕೆಟ್ಟ ಕಾಗದದ ಮೇಲೆ ಸೋಲುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ), ನೂರಕ್ಕೆ ನೂರು ಹತ್ತಿ, ತುಸು ತರಿಯಾದ ಕೋಲ್ಡ್ ಪ್ರೆಸ್ ಮೇಲ್ಮೈ: ಇದನ್ನು ಗುರುತಿಟ್ಟುಕೊಳ್ಳಿ. ಮರದ ತಿರುಳಿನ ಕಾಗದದಲ್ಲಿ ನೀರು ಮೇಲೆಯೇ ಕೂತು ಬೇಗ ಒಣಗುತ್ತದೆ, ಹಸಿಯ ಮೇಲೆ ಹಸಿ ಹಾಕುವ ಕೆಲಸ ಕೈಗೂಡದು. ದೊಡ್ಡ ಹಾಳೆ ಕೊಂಡು ಎಂಟು ತುಂಡು ಮಾಡಿದರೆ ಪುಸ್ತಕಕ್ಕಿಂತ ಅಗ್ಗವಾಗುತ್ತದೆ, ಬೆನ್ನಿಗೂ ಬರೆಯಬಹುದು. ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿದರೆ ಸೊಟ್ಟಗಾಗುವುದು ಕಡಿಮೆ. ಅಂಚುಗಳಿಗೆ ಅಂಟು ಹಾಕಿದ ಹಾಳೆಗಳ ಕಟ್ಟು, ಅಂದರೆ ಬ್ಲಾಕ್, ಅನುಕೂಲವೇ, ಆದರೆ ಮೇಲಿನ ಹಾಳೆ ಒಣಗುವವರೆಗೆ ಇನ್ನೊಂದು ಚಿತ್ರ ಶುರು ಮಾಡಲಾಗದು.

ತೈಲವರ್ಣದಲ್ಲಿ ಹಣ ಬಣ್ಣಕ್ಕೆ, ಅದರಲ್ಲೂ ಬಣ್ಣಗಳ ಸಂಖ್ಯೆ ಕಡಿಮೆ ಮಾಡಿ ಗುಣಮಟ್ಟಕ್ಕೆ. ಟ್ಯೂಬಿನ ಹೆಸರಿಗಿಂತ ಹಿಂಬದಿಯ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಖ್ಯೆ ಓದಿ. ಒಂದೇ ಪಿಗ್ಮೆಂಟ್ ಇರುವ ಬಣ್ಣಗಳು ಕಲಸಿದಾಗ ಶುದ್ಧವಾಗಿ ಉಳಿಯುತ್ತವೆ. ಮೂರು ಮೂರು ಬೆರೆತ ಎರಡು ಬಣ್ಣ ಕಲಸಿದರೆ ಆರು ಸೇರಿ ಮಣ್ಣಾಗುತ್ತವೆ. ಯಾವ ಮಾಧ್ಯಮಕ್ಕೂ ಆಗುವ ಆರು ಬಣ್ಣ: ನಿಂಬೆಯತ್ತ ವಾಲುವ ಹಳದಿ ಪಿವೈ 3 ಅಥವಾ ನಡುವಿನ ಹಳದಿ ಪಿವೈ 154, ಗುಲಾಬಿಗೆಂಪು ಪಿವಿ 19, ಅಲ್ಟ್ರಾಮರೀನ್ ಪಿಬಿ 29, ಥ್ಯಾಲೋ ನೀಲಿ ಪಿಬಿ 15, ಯೆಲ್ಲೋ ಓಕರ್ ಪಿವೈ 42 ಅಥವಾ 43, ಬರ್ನ್ಟ್ ಸಿಯೆನ್ನಾ ಪಿಬಿಆರ್ 7. ಅಪಾರದರ್ಶಕ ಮಾಧ್ಯಮಕ್ಕೆ ಟೈಟಾನಿಯಂ ಬಿಳಿ ಪಿಡಬ್ಲ್ಯು 6 ಸೇರಿಸಿ. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಎರಡೇ ಸೇರಿ ಕಪ್ಪಿನಿಂದ ಬೂದುವರೆಗೆ ನೆರಳುಗಳೆಲ್ಲವನ್ನೂ ಕೊಡುತ್ತವೆ. ಥ್ಯಾಲೋ ನೀಲಿ ಸಾಸಿವೆಯಷ್ಟೇ ತೆಗೆದುಕೊಳ್ಳಿ, ಬೇರೆ ಬಣ್ಣವನ್ನು ನುಂಗುವ ಶಕ್ತಿ ಅದಕ್ಕಿದೆ. ಹಳೆಯ ಅಲಿಜರಿನ್ ಕ್ರಿಮ್ಸನ್ ಪಿಆರ್ 83 ಬೆಳಕಿಗೆ ಮಾಸುತ್ತದೆ, ಮಿನುಗುವ ಗುಲಾಬಿಗಳೂ ಹಾಗೆಯೇ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪ್ಯಾಲೆಟ್‌ನಲ್ಲಿರುವುದು ನಾಲ್ಕೇ ಬಣ್ಣ: ಯೆಲ್ಲೋ ಓಕರ್, ವರ್ಮಿಲಿಯನ್, ಕಪ್ಪು, ಬಿಳಿ. ಕಡಿಮೆ ಬಣ್ಣದಿಂದ ಚಿತ್ರ ಬಡವಾಗುತ್ತದೆ ಎಂಬ ಭಯವಿದ್ದವರು ಒಂದು ತಿಂಗಳು ಆ ನಾಲ್ಕರಲ್ಲೇ ಬರೆದು ನೋಡಲಿ.

ಬ್ರಷ್ ಮೂರು ಸಾಕು. ಜಲವರ್ಣಕ್ಕೆ ಮೊನೆ ಚೂಪಾಗಿ ಕೂಡುವ 8 ಅಥವಾ 10ನೇ ನಂಬರಿನ ರೌಂಡ್, ಮುಕ್ಕಾಲು ಇಂಚಿನ ಫ್ಲ್ಯಾಟ್, ಕೊಂಬೆಗಳಿಗೊಂದು ರಿಗ್ಗರ್ (ಉದ್ದ ಕೂದಲಿನ ಸಣ್ಣ ಬ್ರಷ್). ಹಿಡಿಯಲ್ಲೇ ನೀರು ತುಂಬುವ ವಾಟರ್ ಬ್ರಷ್ ಬಸ್ಸಿನಲ್ಲಿ ಕೂತು ಬರೆಯಲು ಚೆನ್ನ, ಆದರೆ ಸದಾ ನೀರು ಜಿನುಗುವುದರಿಂದ ಗಾಢ ಬಣ್ಣ ನಿಲ್ಲದು, ದೊಡ್ಡ ವಾಶ್ ಆಗದು. ಬ್ರಷ್‌ನ ಮೊನೆಯನ್ನು ಬಾಯಲ್ಲಿಟ್ಟು ಸರಿಮಾಡುವ ಅಭ್ಯಾಸ ಬೇಡ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳು ಹೊಟ್ಟೆಗೆ ಹೋಗುವ ವಸ್ತುಗಳಲ್ಲ.

ಬಿಸಿಲು ಮಾಡುವ ಮೋಸ

ಹಾಳೆ, ಪ್ಯಾಲೆಟ್ ಎರಡೂ ನೆರಳಿನಲ್ಲಿರಬೇಕು. ನೇರ ಬಿಸಿಲಿನಲ್ಲಿ ಬಿಳಿ ಹಾಳೆ ಕಣ್ಣು ಕೋರೈಸುತ್ತದೆ, ಪಾಪೆ ಕಿರಿದಾಗುತ್ತದೆ, ಬಣ್ಣ ನಿಜಕ್ಕಿಂತ ತಿಳಿಯಾಗಿ ಕಾಣುತ್ತದೆ. ಅದಕ್ಕೆ ಸರಿಹೊಂದಿಸಲು ಕೈ ಗಾಢ ಬಣ್ಣ ಹಾಕುತ್ತಾ ಹೋಗುತ್ತದೆ. ಮನೆಗೆ ತಂದು ನೋಡಿದರೆ ಚಿತ್ರ ಕತ್ತಲೆ. ಹಾಳೆ ನೆರಳಲ್ಲಿದ್ದು ಪ್ಯಾಲೆಟ್ ಬಿಸಿಲಲ್ಲಿದ್ದರೂ ಇದೇ ಪಾಡು. ಕೊಡೆ ಬಳಸುವುದಾದರೆ ಬಿಳಿ ಅಥವಾ ಬೂದು, ಬಣ್ಣದ ಕೊಡೆ ತನ್ನ ಬಣ್ಣವನ್ನೇ ಹಾಳೆಗೆ ಬಳಿಯುತ್ತದೆ. ಗಾಢ ಕೆಂಪು ಅಂಗಿಯೂ ಅಷ್ಟೇ. ಕೊಡೆಯನ್ನು ಈಸೆಲ್‌ಗೆ ಕಟ್ಟದೆ ಬೇರೆ ಗೂಟಕ್ಕೆ ಕಟ್ಟಿ, ಗಾಳಿ ಬೀಸಿದರೆ ಎರಡೂ ಒಟ್ಟಿಗೆ ಹಾರುವುದಿಲ್ಲ. ತಂಪು ಕನ್ನಡಕ ತೆಗೆದಿಟ್ಟು ಟೋಪಿ ಹಾಕಿಕೊಳ್ಳಿ.

ಹುಳ, ಧೂಳು ಹಸಿ ಬಣ್ಣಕ್ಕೆ ಅಂಟಿದರೆ ಆಗಲೇ ಕೆದಕಬೇಡಿ, ಒಣಗಿದ ಮೇಲೆ ಉಗುರಿನಿಂದ ತೆಗೆದರೆ ಗುರುತು ಉಳಿಯದು. ಡಚ್ ಚಿತ್ರಕಾರ ವ್ಯಾನ್ ಗೋ 1889ರಲ್ಲಿ ಬರೆದ, ಈಗ ಕಾನ್ಸಾಸ್ ಸಿಟಿಯ ನೆಲ್ಸನ್-ಆಟ್ಕಿನ್ಸ್ ಸಂಗ್ರಹಾಲಯದಲ್ಲಿರುವ ಆಲಿವ್ ಮರಗಳ ಚಿತ್ರದ ಬಣ್ಣದೊಳಗೆ ಒಂದು ಪುಟ್ಟ ಮಿಡತೆ ಸಿಕ್ಕಿಕೊಂಡಿರುವುದು 2017ರಲ್ಲಿ ಬೆಳಕಿಗೆ ಬಂತು.

ತಪ್ಪು ಕೈಯದೋ ಸಾಮಾನಿನದೋ

ಕಲಿಯುತ್ತಿರುವವರು ಕೈಬಿಡುವುದು ಹೆಚ್ಚಾಗಿ ಎಂಟು ಹತ್ತು ಚಿತ್ರಗಳ ನಂತರ. ಆಗ ಕಣ್ಣು ಬೆಳೆದಿರುತ್ತದೆ, ಕೈ ಇನ್ನೂ ಹಿಂದಿರುತ್ತದೆ. ಹಿಂದೆ ಕಾಣದಿದ್ದ ದೋಷಗಳು ಈಗ ಕಾಣುತ್ತಿವೆ ಎಂದರೆ ಕಲಿಕೆ ನಡೆದಿದೆ ಎಂದೇ ಅರ್ಥ. ಆ ಹೊತ್ತಿನಲ್ಲಿ ಚಿತ್ರವನ್ನು ಹರಿಯುವ ಮೊದಲು ದೋಷವನ್ನು ವಿಂಗಡಿಸಿ. ಬಣ್ಣ ಕಾಗದದ ಮೇಲೆ ಮಚ್ಚೆಮಚ್ಚೆಯಾಗಿ ಕೂತರೆ ಕಾಗದದ ಮೇಲಿನ ಅಂಟು ಕೆಟ್ಟಿದೆ. ಉಜ್ಜಿದಾಗ ನಾರು ಎದ್ದರೂ ಕಾಗದದ್ದೇ ತಪ್ಪು. ಇಡೀ ಚಿತ್ರ ಕತ್ತಲಾದರೆ ಬಿಸಿಲಿನದು. ಬಣ್ಣ ಕೆಸರಾದರೆ ಮೊದಲು ನೀರು ಬದಲಿಸಿ ನೋಡಿ: ತೊಳೆಯಲು ಒಂದು, ಕಲಸಲು ಒಂದು, ಹೀಗೆ ಎರಡು ಲೋಟವಿದ್ದರೆ ಅರ್ಧ ಕೆಸರು ಅಲ್ಲೇ ನಿಲ್ಲುತ್ತದೆ. ಅಳತೆ ತಪ್ಪಿದೆ, ಮನೆ ವಾಲಿದೆ, ದೂರದ ಗುಡ್ಡ ಹತ್ತಿರ ಬಂದಿದೆ ಎಂದರೆ ಅದು ಕಣ್ಣಿನ, ಕೈಯ ಕೆಲಸ. ಅದಕ್ಕೆ ಹೊಸ ಸಾಮಾನು ಕೊಂಡು ಪ್ರಯೋಜನವಿಲ್ಲ, ಅಭ್ಯಾಸವೇ ಬೇಕು.

ಅಭ್ಯಾಸವೂ ಚಿಕ್ಕದಾಗಿರಲಿ. ಬಣ್ಣ ತೆರೆಯುವ ಮೊದಲು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಪೆನ್ಸಿಲ್‌ನಿಂದ ತಿಳಿ, ನಡು, ಗಾಢ ಎಂಬ ಮೂರೇ ಟೋನ್‌ಗಳಲ್ಲಿ ದೃಶ್ಯವನ್ನು ಹಾಕಿ. ಮೂರು ನಿಮಿಷದ ಕೆಲಸ. ಅಲ್ಲಿ ನಿಲ್ಲದ ರಚನೆ ಬಣ್ಣದಲ್ಲೂ ನಿಲ್ಲುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ವಿವರಗಳು ಮಸುಕಾಗಿ ಟೋನ್‌ಗಳಷ್ಟೇ ಉಳಿಯುತ್ತವೆ. ಆಮೇಲೆ ಅಂಗೈಯಗಲದ ಚಿತ್ರ, ಮೂವತ್ತು ನಿಮಿಷದ ಗಡುವು. ದೊಡ್ಡ ಚಿತ್ರವೊಂದಕ್ಕೆ ಬೇಕಾಗುವ ಹೊತ್ತಿನಲ್ಲಿ ಇಂಥ ನಾಲ್ಕು ಮುಗಿಯುತ್ತವೆ, ನಾಲ್ಕು ಸಲ ಆರಂಭಿಸಿ ನಾಲ್ಕು ಸಲ ಮುಗಿಸಿದ ಅನುಭವ ಸಿಗುತ್ತದೆ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821–22ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ಎಣ್ಣೆಬಣ್ಣದಲ್ಲಿ ಪುಟ್ಟದಾಗಿ ಬರೆದು, ಹಲವುಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಗುರುತಿಟ್ಟ. ನೀವೂ ಹಾಗೆ ಮಾಡಿ, ಜೊತೆಗೆ ಬಳಸಿದ ಬಣ್ಣ, ಕಾಗದದ ಹೆಸರನ್ನೂ ಬರೆಯಿರಿ. ಮೂರು ತಿಂಗಳ ನಂತರ ಎಲ್ಲವನ್ನೂ ನೆಲದ ಮೇಲೆ ಹರಡಿದರೆ ಯಾವ ಕಾಗದ ಕೈಹಿಡಿಯಿತು, ಯಾವ ಬಣ್ಣ ಮುಟ್ಟಲೇ ಇಲ್ಲ ಎಂಬುದು ಕಾಣುತ್ತದೆ. ಬೇರೆಯವರ ಅಭಿಪ್ರಾಯ ಕೇಳುವುದಾದರೆ "ಹೇಗಿದೆ?" ಎನ್ನಬೇಡಿ, "ಚೆನ್ನಾಗಿದೆ" ಎಂಬ ಉತ್ತರದಿಂದ ಕಲಿಯುವುದೇನೂ ಇಲ್ಲ. "ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಎಂದು ಕೇಳಿ. ನೀವು ಉದ್ದೇಶಿಸಿದ ಜಾಗ ಅದೇ ಆಗಿದ್ದರೆ ಚಿತ್ರ ಗೆದ್ದಿದೆ.

ಜನ ಹಿಂದೆ ನಿಂತು ನೋಡುವ ಸಂಕೋಚ ಎಲ್ಲರಿಗೂ ಇರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಹಿಂದೆ ನಿಲ್ಲಲು ಜಾಗವೇ ಇರುವುದಿಲ್ಲ. ನೋಡುವವರು ಸಾಮಾನ್ಯವಾಗಿ ತಪ್ಪು ಹುಡುಕಲು ಬಂದವರಲ್ಲ, ಬಣ್ಣ ಕಲಸುವುದನ್ನು ನೋಡಲು ಬಂದವರು.

ಆಯ್ಕೆ

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರು ಜಲವರ್ಣದ 12 ಹಾಫ್ ಪ್ಯಾನ್ ಡಬ್ಬಿ, ತೊಡೆಯ ಹಲಗೆ, ಹತ್ತಿ ಕಾಗದ ಕೊಂಡು ಅಲ್ಲಿಗೆ ನಿಲ್ಲಿಸಿ. ತಪ್ಪು ತಿದ್ದುವ ಸ್ವಾತಂತ್ರ್ಯ ಬೇಕೆನ್ನುವವರು ಅದೇ ಹಲಗೆಗೆ ಆರು ಗುವಾಶ್ ಟ್ಯೂಬ್, ದೊಡ್ಡ ಬಿಳಿ. ವಾರಕ್ಕೊಮ್ಮೆ ಎರಡು ಗಂಟೆ ಬಿಡುವಿದ್ದು ತೈಲವರ್ಣದ ಮೇಲೆ ಮನಸ್ಸಿದ್ದವರು 8×10ರ ಪೊಶಾಡ್ ಪೆಟ್ಟಿಗೆ, ಗಟ್ಟಿ ಟ್ರೈಪಾಡ್, ಜೆಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿದ ಪ್ಯಾನೆಲ್‌ಗಳು. ಬಾಗಿ ಕೂರಲಾಗದವರು ನಿಂತು ಬರೆಯುವ ಸ್ಟ್ಯಾಂಡನ್ನೇ ಮೊದಲು ಕೊಳ್ಳಲಿ. ವಿಮಾನದಲ್ಲಿ ಹೋಗುವವರು ದ್ರಾವಕವನ್ನು ಒಯ್ಯಲೇಬಾರದು, ಹೋದ ಊರಲ್ಲೇ ಕೊಳ್ಳಬೇಕು. ಪ್ಯಾಲೆಟ್ ನೈಫ್, ಟ್ಯೂಬ್‌ಗಳು ಚೆಕ್-ಇನ್ ಸಾಮಾನಿನಲ್ಲಿರಲಿ.

ಎರಡನೆಯ ಖರೀದಿ ಯಾವುದೇ ಇರಲಿ, ಮೊದಲು ಕೊಂಡ ಕಾಗದದ ಕಟ್ಟು ಮುಗಿಯುವವರೆಗೆ ತಡೆಯಿರಿ. ಅಷ್ಟರಲ್ಲಿ ನಿಮಗೆ ಏನು ಕಡಿಮೆ ಬಿತ್ತೆಂಬುದು ಹಾಳೆಗಳ ಹಿಂಬದಿಯ ಟಿಪ್ಪಣಿಯಲ್ಲೇ ಇರುತ್ತದೆ: ಕಲಸುವ ಜಾಗ ಸಾಲದಾಗಿದ್ದರೆ ದೊಡ್ಡ ಪ್ಯಾಲೆಟ್, ಬೆನ್ನು ನೋಯುತ್ತಿದ್ದರೆ ಸ್ಟ್ಯಾಂಡ್, ಕತ್ತಲಾದ ಚಿತ್ರಗಳೇ ಹೆಚ್ಚಿದ್ದರೆ ಒಂದು ಬಿಳಿ ಕೊಡೆ.